ಎತ್ತದೆ ಉಳಿದ ಕೈಗಳು

ಕೆಟಲ್ ಹೊಳೆ ಕಣಿವೆ, ಬ್ರಿಟಿಷ್ ಕೊಲಂಬಿಯಾ
ನವೆಂಬರ್ 12, ಬುಧವಾರ

ಪೋಲ್ಯಾ ಅಕ್ಕನಿಗೆ,

ಕ್ಷೇಮ ವಿಚಾರಿಸುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳಬೇಕೆಂದು ನನಗೆ ಅನ್ನಿಸುತ್ತಿಲ್ಲ. ಅನ್ನಿಸದ್ದನ್ನು ಬರೆದರೆ ಸುಳ್ಳಾಗುತ್ತದೆ. ನನ್ನ ಅಡುಗೆಮನೆಯ ಕಿಟಕಿಯಿಂದ ಹೊಳೆಯಾಚೆ ನಿನ್ನ ಮನೆಯ ದೀಪ ಕಾಣುತ್ತದೆ. ಫೋನ್ ಮಾಡಿದರೆ ನೀನು ತೆಗೆಯುತ್ತಿಲ್ಲ. ಸೇತುವೆ ದಾಟಿ ಬಂದರೆ ನಾನು ಕೂಗಾಡುತ್ತೇನೆ, ನೀನು ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತೀಯ. ಕಾಗದದ ಮೇಲಾದರೆ ನನ್ನ ಸಿಟ್ಟು ಸ್ವಲ್ಪ ಮರ್ಯಾದೆಯಿಂದ ನಡೆದುಕೊಂಡೀತು ಎಂದು ಬರೆಯಲು ಕೂತಿದ್ದೇನೆ.

ಭಾನುವಾರದ ಸಭೆಯಲ್ಲಿ ನೀನು ಮಾಡಿದ್ದು ತಪ್ಪು. ಗೊತ್ತಿಲ್ಲದೆ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ನೀನು ಗೊತ್ತಿದ್ದೇ ಮಾಡಿದೆ.

ನಮ್ಮ ಸಂಘದ ವ್ಯಾನ್ ನಿಂತರೆ ಏನಾಗುತ್ತದೆಂದು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ವಾರಕ್ಕೆ ಮೂರು ದಿನ ಅಮ್ಮ ಅದರಲ್ಲಿ ಕೂತು ಘಾಟಿ ದಾಟಿ ಡಯಾಲಿಸಿಸ್‌ಗೆ ಹೋಗುತ್ತಾಳೆ. ಅವಳ ಜೊತೆ ಅನ್ಯೂತಾ ಅಜ್ಜಿ, ಜೊತೆಗೆ ಇನ್ನೂ ಕೆಲವರು. ಓಡಿಸುವವರು ನಿನ್ನ ಗಂಡ, ನನ್ನ ಫ್ರೆಡ್ ಭಾವ. ಸಂಬಳವಿಲ್ಲ, ಒಂದು ದಿನ ತಪ್ಪಿಸಿದ್ದೂ ಇಲ್ಲ. ಇಷ್ಟು ವರ್ಷ ಬೋರ್ಶ್ಟ್ ಸಾರು ಮಾರಿ, ಪಿರಾಹಿ ಕಡುಬು ಸುಟ್ಟು ಮಾರಿ ಡೀಸೆಲ್ ಹಾಕಿದೆವು. ಇನ್ನು ಆಗುವುದಿಲ್ಲ. ಹೊಸ ವರ್ಷಕ್ಕೆ ವಿಮೆ ಕಟ್ಟಬೇಕು, ಹಿಮಕ್ಕೆ ತಕ್ಕ ಟೈರು ಹಾಕಿಸಬೇಕು, ಸಂಘದ ಖಾತೆಯಲ್ಲಿ ಅದಕ್ಕೆಲ್ಲ ಗತಿಯಿಲ್ಲ. ವ್ಯಾನ್ ಇಲ್ಲವೆಂದರೆ ಅಮ್ಮ ಆಸ್ಪತ್ರೆಯ ಪಕ್ಕದ ವೃದ್ಧರ ಮನೆಗೆ ಹೋಗಬೇಕು. ಅವಳು ಹೇಳಿದ್ದು ನಿನ್ನೆದುರಿಗೇ: "ಊರು ಬಿಟ್ಟು ಹೋಗೋದಾದ್ರೆ ಆ ಮಷೀನೇ ಬೇಡ ಕಣ್ರೇ. ನನ್ನ ಪಾಡಿಗೆ ನನ್ನ ಬಿಟ್ಬಿಡಿ." ಆ ಮಷೀನು ಬೇಡವೆಂದರೆ ಅಮ್ಮ ಎಷ್ಟು ದಿನ ಇರುತ್ತಾಳೆ ಎಂದು ನಾವಿಬ್ಬರೂ ಡಾಕ್ಟರನ್ನು ಕೇಳಿದ್ದೇವೆ. ನಾನು ಉತ್ತರವನ್ನು ಮರೆತಿಲ್ಲ. ನೀನೂ ಮರೆತಿರಲಾರೆ.

ಸರ್ಕಾರ ಜೂಜಿನ ಆದಾಯದಲ್ಲಿ ಒಂದು ಪಾಲನ್ನು ನಮ್ಮಂಥ ಸಂಘಗಳಿಗೆ ಹಂಚುತ್ತದೆಂದು ತಿಳಿದಾಗ ನಾನು ಕುಣಿಯಲಿಲ್ಲ. ಜೂಜು ಪಾಪವೆನ್ನುವ ಅದೇ ಮನೆಯಲ್ಲಿ ನಾನೂ ಬೆಳೆದವಳು. ಆದರೂ ಖಜಾಂಚಿ ನಾನು, ಬೇರೆ ದಾರಿ ಕಾಣಲಿಲ್ಲ. ಆಗಸ್ಟ್‌ನಿಂದ ಕೂತು ಅದರ ಹಿಂದೆ ಬಿದ್ದೆ. ಸಂಘ ಲಾಭಕ್ಕಾಗಿ ಇರಬಾರದು, ಸಮಿತಿಯವರು ಸಂಬಳ ಪಡೆಯಬಾರದು, ಕೆಲಸ ಆಗಲೇ ವರ್ಷದಿಂದ ನಡೆಯುತ್ತಿರಬೇಕು. ಇವೆಲ್ಲ ನಮ್ಮಲ್ಲಿತ್ತು. ಹೋದ ವರ್ಷದ ಲೆಕ್ಕ, ಬರುವ ವರ್ಷದ ಅಂದಾಜು, ಯಾರಿಗೆ ಉಪಯೋಗ, ಊರಿನವರ ಪಾಲೆಷ್ಟು ಎಂದು ಬರೆಯಬೇಕಿತ್ತು, ಬರೆದೆ. ಆ ದುಡ್ಡಿಗೆಂದೇ ಬೇರೆ ಖಾತೆ ಬೇಕಿತ್ತು, ಬ್ಯಾಂಕಿಗೆ ಹೋಗಿ ವ್ಯವಸ್ಥೆ ಮಾಡಿ ಬಂದೆ. ಬಂದ ದುಡ್ಡನ್ನು ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಮುಟ್ಟುವಂತಿಲ್ಲ, ವರ್ಷದ ಕೊನೆಗೆ ರಸೀದಿ ಸಮೇತ ವರದಿ ಕೊಡಬೇಕು. ಅದಕ್ಕೂ ಸಿದ್ಧಳಿದ್ದೆ. ಉಳಿದದ್ದು ಒಂದೇ. ರಾಜಧಾನಿ ವಿಕ್ಟೋರಿಯಾದ ಸರ್ಕಾರಿ ಕಚೇರಿಯ ಹೆಂಗಸು ಫೋನಿನಲ್ಲಿ ತುಂಬ ನಯವಾಗಿ ಕೇಳಿದಳು: "ನಿಮ್ಮ ಸಮಿತೀನ ಯಾರು ಆರಿಸಿದ್ದು ಮೇಡಂ?"

"ಯಾರೂ ಬೇಡ ಅನ್ಲಿಲ್ಲ," ಎಂದೆ.

ಆಮೇಲೆ, "ಬೇಡ ಅನ್ಲಿಲ್ಲ ಅನ್ನೋದನ್ನ ಎಲ್ಲಾದ್ರೂ ಬರ್ದಿಟ್ಟಿದೀರಾ?" ಎಂದಳು. ಅವಳು ಗೇಲಿ ಮಾಡುತ್ತಿರಲಿಲ್ಲ. ಸದಸ್ಯರು ಮತ ಹಾಕಿ ಆರಿಸಿದ ಸಮಿತಿ ಇರಬೇಕು, ಅದು ನಡಾವಳಿಯಲ್ಲಿ ಕಾಣಬೇಕು ಎಂದು ತಾಳ್ಮೆಯಿಂದ ಹೇಳಿದಳು. ಅದಕ್ಕೇ ನಾನು ಕಾರ್ಯದರ್ಶಿ ಬ್ರೆಂಟ್‌ಗೆ ಇನ್ನು ಮುಂದೆ ಪ್ರತಿ ಸಭೆಯಲ್ಲೂ ಕೈ ಎಣಿಸಿ ಬರೆದಿಡು ಎಂದೆ. ಅವನು ಕರಾವಳಿಯಿಂದ ಬಂದು ಇನ್ನೂ ಹೊಸಬ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ.

ಇನ್ನು ಭಾನುವಾರದ್ದು. ಪ್ರಾರ್ಥನೆಯ ಹಾಲ್‌ನಲ್ಲಿ ಎಂದಿನಂತೆ ಮೇಜಿನ ಮೇಲೆ ಬ್ರೆಡ್ಡು, ಉಪ್ಪು, ನೀರು. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಕಾಲು ನೋವೆಂದು ಅಮ್ಮ ಮಾತ್ರ ಬಾಗಿಲ ಬಳಿಯ ಬೆಂಚಿನಲ್ಲಿದ್ದಳು, ಪಕ್ಕದಲ್ಲಿ ಫ್ರೆಡ್ ಭಾವ. ನೀನು ಎದ್ದು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಅದನ್ನು ಒಪ್ಪುತ್ತೇನೆ. "ಯಾರ್ಯಾರೋ ಮನೆ ಹಾಳು ಮಾಡ್ಕೊಂಡ ದುಡ್ಡು ಅದು. ಅದ್ರಲ್ಲಿ ನಮ್ಮೋರ ರಕ್ತ ತೊಳ್ಸೋದು ಬೇಡ," ಎಂದೆ. ಅಪ್ಪ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರೇನೋ. ಆಮೇಲೆ ನಾನು ಮಾತಾಡಿದೆ, ನಿನ್ನಷ್ಟು ಚೆನ್ನಾಗಿ ಅಲ್ಲ. ಟೈರು, ವಿಮೆ, ಘಾಟಿ ಎಂದೆ. ಬ್ರೆಂಟ್ ಎದ್ದು, ಅರ್ಜಿ ಹಾಕಲು ಒಪ್ಪುವವರು ಕೈ ಎತ್ತಿ ಎಂದ.

ನಾಲ್ಕು ಕೈ ಎದ್ದವು. ಒಪ್ಪದವರು ಎಂದಾಗ ಏಳು. ಮಿಕ್ಕ ಹಾಲ್‌ ತುಂಬ ಜನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಬ್ರೆಂಟ್‌ಗೆ ಗೊತ್ತಿಲ್ಲ, ಅವನನ್ನು ಬಯ್ಯುವಂತಿಲ್ಲ. ನಿನಗೆ ಗೊತ್ತು. ಆ ಹಾಲ್‌ನಲ್ಲಿ ಅಪ್ಪ ಒಂದು ಮಾತನ್ನು ಮುಂದಿಟ್ಟು ಕಾಯುತ್ತಿದ್ದದ್ದನ್ನು ನನ್ನ ಪಕ್ಕ ಕೂತು ನೋಡಿದವಳು ನೀನು. ಬೇಡ ಎನ್ನುವವರು ಎದ್ದು ಹೇಳುತ್ತಾರೆ. ಬೇಕು ಎನ್ನುವವರು ಸುಮ್ಮನೆ ಕೂತಿರುತ್ತಾರೆ. ಆ ಮೌನ ಕೂಡಿಬಂದ ಮೇಲೆ ಅಪ್ಪ "ಹಾಗೇ ಆಗಲಿ" ಎನ್ನುತ್ತಿದ್ದರು. ಕೈ ಎತ್ತಿ ತನ್ನನ್ನು ಎಣಿಸಿಕೊಳ್ಳುವುದೆಂದರೆ ನಮ್ಮ ಹಿರಿಯರಿಗೆ ಪಕ್ಕದವನಿಗಿಂತ ನಾನು ದೊಡ್ಡವನು ಅಂದ ಹಾಗೆ. ಈ ವರ್ಷ ಮೇ ತಿಂಗಳಲ್ಲಿ ನೀನು ಅಧ್ಯಕ್ಷೆಯಾದದ್ದೂ ಹಾಗೆಯೇ, ಪೋಲ್ಯಾ. ನಿನಗಾಗಿ ಒಂದು ಕೈಯೂ ಎದ್ದಿರಲಿಲ್ಲ. ಆ ಮೌನವನ್ನು ನೀನು ಒಪ್ಪಿಗೆ ಎಂದುಕೊಂಡೆ, ಧನ್ಯವಾದ ಹೇಳಿದೆ, ಕೂತೆ. ಭಾನುವಾರ ಅದೇ ಜನರ ಅದೇ ಮೌನ. "ಠರಾವು ಬಿದ್ದುಹೋಯ್ತು, ಬರ್ಕೋ ಬ್ರೆಂಟ್," ಎಂದೆ ನೀನು.

ನಾನು ಎದ್ದು ನಿಲ್ಲುವಷ್ಟರಲ್ಲಿ ನೀನು ಮುಕ್ತಾಯದ ಕೀರ್ತನೆ ಎತ್ತಿಕೊಂಡಿದ್ದೆ. ಕೀರ್ತನೆ ಶುರುವಾದ ಮೇಲೆ ಯಾರೂ ಮಾತಾಡುವುದಿಲ್ಲ, ಅದೂ ನಿನಗೆ ಗೊತ್ತು. ಎಲ್ಲರೂ ಎದ್ದರು, ಹಾಡಿದರು. ನಾನೂ ಹಾಡಿದೆ. ಕೆಳಗಿನ ಸ್ಥಾಯಿಯ ದನಿ ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ನಿನ್ನ ದನಿಗೆ ನನ್ನ ದನಿ ಸೇರಿಸಿ ಕೊನೆಯವರೆಗೂ ಹಾಡಿದೆನಲ್ಲ, ನನಗೆ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಸೋಮವಾರ, ಮಂಗಳವಾರ ಮನೆಮನೆಗೆ ಹೋದೆ. ಪೀಟ್ ಮಾವ ಸೌದೆ ಒಡೆಯುತ್ತಿದ್ದರು. ಅರ್ಜಿ ಬಿದ್ದುಹೋಯಿತು ಎಂದೆ. ಕೊಡಲಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾಕೆ ಬೀಳುತ್ತೆ? ನಾನು ಒಪ್ಪಿದ್ನಲ್ಲ."

"ನೀವು ಕೈ ಎತ್ತಲಿಲ್ಲ ಮಾವ."

"ಒಪ್ಪಿಗೆ ಇಲ್ದಿದ್ರೆ ಎದ್ದು ಹೋಗ್ತಿದ್ದೆ. ಕೂತಿದ್ದೆ ತಾನೆ? ಮಂಡಿ ನೋವು ಇಟ್ಕೊಂಡು ಅಷ್ಟು ಹೊತ್ತು ಕೂತಿದ್ದು ಇನ್ಯಾಕೆ, ನಿಮ್ಮಕ್ಕನ ಭಾಷಣ ಕೇಳೋಕಾ?"

ಅನ್ಯೂತಾ ಅಜ್ಜಿ ಇನ್ನೂ ಜೋರು. ಅವಳು ಅಮ್ಮನ ಪಕ್ಕದ ಮಷೀನಿನವಳು. "ಕೈ ಎತ್ತೋದು ಇಸ್ಕೂಲ್ ಮಕ್ಕಳು ಕಣೇ, ಒಂದಕ್ಕೆ ಹೋಗ್ಬೇಕು ಅಂದಾಗ," ಎಂದಳು. "ಆ ಹುಡುಗ ಪೆನ್ಸಿಲ್ ಹಿಡ್ಕೊಂಡು ನಮ್ಮನ್ನ ಕುರಿ ಎಣಿಸ್ದಂಗೆ ಎಣಿಸ್ತಿದ್ದ. ಪಾಪ ಏನೋ ಆಟ ಆಡ್ತಾನೆ, ಆಡ್ಲಿ ಅಂತ ಸುಮ್ನಿದ್ದೆ." ನಗು ಬಂತು. ನಕ್ಕೆ. ಕಾರಿಗೆ ಬಂದು ಕೂತ ಮೇಲೆ ಅದೇ ನಗು ಅಳುವಾಯಿತು.

ಹೌದು, ಕೈ ಎಣಿಸು ಎಂದು ಬ್ರೆಂಟ್‌ಗೆ ಹೇಳಿದವಳು ನಾನೇ. ಹೇಳುವ ಮೊದಲು ಹಿರಿಯರ ಪಕ್ಕ ಕೂತು, ಈ ಸಲ ಹೀಗೆ, ಸುಮ್ಮನಿದ್ದರೆ ಲೆಕ್ಕಕ್ಕಿಲ್ಲ ಎಂದು ತಿಳಿಸಬೇಕಿತ್ತು. ಕಚೇರಿಯ ನಿಯಮಗಳನ್ನು ಅಷ್ಟು ಚೆನ್ನಾಗಿ ಓದಿದವಳು ನನ್ನ ಜನರನ್ನು ಓದಲು ಮರೆತೆ. ಅದು ನನ್ನ ಪಾಲು, ನಾನೇ ಹೊರುತ್ತೇನೆ. ಆದರೆ ನನ್ನದು ಮರೆವು. ನೀನು ಆ ಮರೆವನ್ನು ಬಳಸಿಕೊಂಡೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ದುಡ್ಡು ಕೊಳಕು ಎನ್ನುತ್ತೀಯ. ನಾನು ಅಲ್ಲವೆನ್ನುವುದಿಲ್ಲ. ಆ ಜೂಜಿನ ಯಂತ್ರಗಳ ಮುಂದೆ ಕೂತವರು ಯಾರು, ಅವರ ಮನೆಯಲ್ಲಿ ಯಾರು ಅಳುತ್ತಿದ್ದಾರೆ ಎಂದು ಯೋಚಿಸುತ್ತ ನಾನೂ ಹೊರಳಾಡಿದ್ದೇನೆ. ನಾವು ಬೇಡವೆಂದರೆ ಆ ಯಂತ್ರಗಳು ನಿಲ್ಲುತ್ತವೆಯೇ? ಇಲ್ಲ. ನಾವು ತೆಗೆದುಕೊಂಡರೆ ಅವಕ್ಕೆ ಹೂಂ ಎಂದ ಹಾಗಾಗುತ್ತದೆಯೇ? ಗೊತ್ತಿಲ್ಲ, ಆಗಬಹುದು. ಈ ಪ್ರಶ್ನೆಗೆ ನನ್ನ ಹತ್ತಿರ ಶುದ್ಧವಾದ ಉತ್ತರವಿಲ್ಲ. ಅಮ್ಮ ಆ ವೃದ್ಧರ ಮನೆಯ ಕಿಟಕಿಯ ಬಳಿ ಕೂತು ಊಟ ಬೇಡ, ಮಷೀನು ಬೇಡ ಎನ್ನುವ ದಿನ ನಮ್ಮ ಕೈ ಶುದ್ಧವಾಗಿತ್ತು ಎಂದು ಅವಳಿಗೆ ಹೇಳುವವರು ಯಾರು? ನೀನು ಹೇಳುತ್ತೀಯಾ? ನನ್ನಿಂದ ಆಗದು.

ನಿನಗೆ ಆ ದುಡ್ಡಿನ ಮೇಲೆ ಯಾಕೆ ಅಷ್ಟು ರೋಷ ಎಂದು ಹಾಲ್‌ನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳುವುದಿಲ್ಲ. ಹೋದ ವರ್ಷ ನೀವಿಬ್ಬರೂ ಚೆರ್ರಿ ತೋಟ ಮಾರಿದಾಗ ನೀನು ವಯಸ್ಸಾಯಿತು, ಕೈಲಾಗುವುದಿಲ್ಲ ಎಂದೆ. ನಾನು ಹೂಂ ಎಂದೆ. ಅಷ್ಟೇ ಬರೆಯುತ್ತೇನೆ, ಅದಕ್ಕಿಂತ ಹೆಚ್ಚಿಗೆ ಬರೆದರೆ ನಿನ್ನಂತೆಯೇ ನಾನೂ ಆದೇನು.

ಈಗ ವಿಷಯ. ಇಂತಿಷ್ಟು ಜನ ಸದಸ್ಯರು ಕೇಳಿದರೆ ಮತ್ತೆ ಸಭೆ ಕರೆಯಲೇಬೇಕೆಂದು ನಮ್ಮ ಸಂಘದ ನಿಯಮದಲ್ಲಿದೆ. ಬೇಕಾದ್ದಕ್ಕಿಂತ ಹೆಚ್ಚು ಜನ ಕೇಳಿದ್ದಾರೆ. ಸಭೆ ಇಪ್ಪತ್ತಮೂರನೇ ತಾರೀಕು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ. ಅರ್ಜಿಗೆ ತಿಂಗಳ ಕೊನೆಯವರೆಗೆ ಸಮಯವಿದೆ. ಮೊದಲು ಸಮಿತಿಯ ಆಯ್ಕೆ, ಕೈ ಎಣಿಸಿ. ಆಮೇಲೆ ಅರ್ಜಿ, ಅದೂ ಕೈ ಎಣಿಸಿ. ಅದಕ್ಕೂ ಮೊದಲು ನಾನೇ ಎದ್ದು ಹಿರಿಯರಿಗೆಲ್ಲ ಬಿಡಿಸಿ ಹೇಳುತ್ತೇನೆ. ಪೀಟ್ ಮಾವ ಈಗಲೇ ದಾರಿಯಲ್ಲಿ ಸಿಕ್ಕವರಿಗೆಲ್ಲ ಎರಡೂ ಕೈ ಎತ್ತಿ ತೋರಿಸುತ್ತಿದ್ದಾರೆ.

ಅಧ್ಯಕ್ಷೆಯ ಜಾಗಕ್ಕೆ ನಿನ್ನ ಹೆಸರು ಬರುತ್ತದೆ. ನಾನು ಕೈ ಎತ್ತಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಅರ್ಜಿಗೆ ನೀನು ಮನಸ್ಸಿನಿಂದ ಬೇಡ ಎನ್ನುವುದಾದರೆ ಎದ್ದು ನಿಂತು ಬೇಡ ಎನ್ನು, ಅದು ನಿನ್ನ ಹಕ್ಕು, ನಾನು ತಲೆಬಾಗುತ್ತೇನೆ. ಎಲ್ಲರ ಬಾಯಿ ಮುಚ್ಚಿಸಲು ಮಾತ್ರ ಹಾಡಬೇಡ.

ನಿನ್ನ ತಂಗಿ,
ಲೂಷಾ

ಮರೆತದ್ದಲ್ಲ, ಆಮೇಲೆ ತಿಳಿದದ್ದು: ಸಹಿ ಹಾಕಿ ಮುಗಿಸಿದ್ದೆ, ಅಷ್ಟರಲ್ಲಿ ಫ್ರೆಡ್ ಭಾವ ವ್ಯಾನಿನ ಬೀಗದ ಕೈ ಕೊಡಲು ಬಂದರು. ಕೊಟ್ಟು ಹೋಗಲಿಲ್ಲ, ಕೂತರು. ಟೋಪಿ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಲೂಷಾ, ಆ ಕ್ಯಾಸಿನೊ ದುಡ್ಡಲ್ಲಿ ನಮ್ಮ ಚೆರ್ರಿ ತೋಟಾನೂ ಇದೆ. ನಾನೇ ಕೂತು ಹಾಕಿ ಬಂದಿದ್ದು. ನಂಗಂತೂ ವಾಪಸ್ ಬರಲ್ಲ. ಅತ್ತೆ ಆಸ್ಪತ್ರೆಗೆ ಹೋಗೋಕಾದ್ರೂ ಬರ್ಲಿ." ಇಪ್ಪತ್ತಮೂರಕ್ಕೆ ಹಾಲ್‌ನಲ್ಲಿ ಎಲ್ಲರೆದುರು ಇದನ್ನೇ ಹೇಳಿ ಕೈ ಎತ್ತುತ್ತಾರಂತೆ. ಹಾಗೆ ಹೇಳುತ್ತಾರೆಂಬುದು ನಿನಗೆ ಅಲ್ಲೇ ಮೊದಲ ಸಲ ತಿಳಿಯಬಾರದು ಎಂದು ಅವರ ಆಸೆ.

ಇನ್ನೊಂದು ಹೇಳಿದರು. ಭಾನುವಾರದ ಸಭೆಯಲ್ಲೇ ಅವರು ಅರ್ಜಿಯ ಪರ ಕೈ ಎತ್ತಿದ್ದರಂತೆ. ಭುಜದ ತನಕ ಬರುವ ಮೊದಲೇ ಅದನ್ನು ಹಿಡಿದು ಕೆಳಗಿಳಿಸಿದ್ದು ಅಮ್ಮ. "ಬೇಡ ಫ್ರೆಡ್," ಎಂದಳಂತೆ, "ಪೋಲ್ಯಾ ಮುಖ ನೋಡು. ಅವ್ಳು ಇವತ್ತು ತಡ್ಕೊಳಲ್ಲ." ಸಭೆ ಮುಗಿಯುವವರೆಗೂ ಆ ಕೈಯನ್ನು ತನ್ನ ಕೋಟಿನ ಕೆಳಗೆ ಬಿಗಿಯಾಗಿ ಹಿಡಿದಿದ್ದಳಂತೆ. ಅಮ್ಮನಿಗೆ ಎಲ್ಲ ಗೊತ್ತು, ಪೋಲ್ಯಾ. ಅವಳ ಮೌನವನ್ನೂ ನಾನು ಮಿಕ್ಕವರ ಮೌನದ ಜೊತೆ ಅರ್ಜಿಯ ಕಡೆಗೆ ಸೇರಿಸಿ ಎಣಿಸಿದ್ದೆ. ಅವಳು ಸುಮ್ಮನಿದ್ದದ್ದು ನಿನಗಾಗಿ.

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ, ಭಾವನೇ ತರುತ್ತಿದ್ದಾರೆ. ನೀನು ಓದಿ ಮುಗಿಸುವವರೆಗೂ ಬಾಗಿಲಾಚೆ ನಿಂತಿರುತ್ತೇನೆ ಎಂದಿದ್ದಾರೆ. ಹೊರಗೆ ತುಂಬ ಚಳಿ. ಒಳಗೆ ಕರೆ.