ಬಾವಿ ಕಡೆಯ ತೋಟ

೧೨ ಜೂನ್ ೨೦೨೪, ಬುಧವಾರ
ಬಿ.ಪಿ. ಮಾತ್ರೆ, ಕಾಫಿ, ಪೇಪರ್. ಆಮೇಲೆ ವಕೀಲರ ಫೋನ್. ತೀರಿಹೋದ ಗೆಳೆಯ ಈರಣ್ಣನ ವಿಲ್‌ಗೆ ನಾನೇ ಎಕ್ಸಿಕ್ಯೂಟರ್, ಅದನ್ನು ಜಾರಿ ಮಾಡಬೇಕಾದವನು. ಹೋದ ವರ್ಷವೇ ಕೇಳಿ ಒಪ್ಪಿಸಿದ್ದ. "ನಾನು ಹೋದ್ಮೇಲೆ ನನ್ನ ಮಾತು ನಡೆಸೋನು ನೀನೇ ಕಣ್ಲಾ." ನಕ್ಕಿದ್ದೆ.
ಹಂದನಕೆರೆ ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಅವನ ಅವ್ವ ರೊಟ್ಟಿ, ಕಾಯಿಚಟ್ನಿ ಕಟ್ಟುವಾಗ ನನ್ನ ಪಾಲನ್ನೂ ಕಟ್ಟುತ್ತಿದ್ದರು...

೧೪ ಜೂನ್
ವಿಲ್ ಓದಿ ಹೇಳಿದೆ. ಮನೆ, ರಸ್ತೆ ಕಡೆಯ ತೋಟ ಮಗ ಮೋಹನ್ ಕುಮಾರನಿಗೆ. ಬಾವಿ ಕಡೆಯದು ಮಗಳು ಜೀವಿತಾಗೆ. ಮೋಹನನ ಮುಖ ಕಪ್ಪಿಟ್ಟಿತು.
"ಬೇರೆ ಜಾತಿಯೋನ್ನ ಮದ್ವೆಯಾಗಿ ಹೋದೋಳು. ಅಪ್ಪ ಅವಳ ಹೆಸರೇ ಎತ್ತುತ್ತಿರ್ಲಿಲ್ಲ. ನೀವೇ ಹೇಳ್ಕೊಟ್ರಾ ಮಾವ?"
ಹೆಸರೆತ್ತದೆಯೇ ಅವಳ ಮಾತಾಡುತ್ತಿದ್ದ ಈರಣ್ಣ. ಬಾವಿ ಕಟ್ಟೆಯ ಮೇಲೆ ಕೂತಾಗಲೆಲ್ಲ — "ಮೀನು ಇದ್ದಂಗೆ ಈಜ್ತಿತ್ತು ಕಣ್ಲಾ."

೩ ಜುಲೈ
ಹುಳಿಯಾರಿಗೆ ಹೋಗಿದ್ದೆ. ಜೀವಿತಾ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ರೆಪ್ಪೆಯ ಮೇಲೂ ರಾಗಿ ಹಿಟ್ಟು. ಮಿಷನ್ ಆಫ್ ಮಾಡಿ ಕೇಳಿಸಿಕೊಂಡಳು.
"ಅಣ್ಣಂಗೇ ಬುಡಿ ಮಾವ. ಇಷ್ಟು ವರ್ಷ ಅಪ್ಪ ಒಂದು ಮಾತಾಡ್ಲಿಲ್ಲ. ಈಗ ತೋಟ ಯಾಕೆ?"
"ಬೇಡ ಅಂದ್ರೆ ಬರ್ಕೊಡವ್ವ. ಒಂದ್ಸಲ ತೋಟ ನೋಡಿ ಬರ್ಕೊಡು."
ಈಜು ಕಲಿಸಲು ಸೊಂಟಕ್ಕೆ ಒಣಗಿದ ತೆಂಗಿನಕಾಯಿ ಕಟ್ಟಿ ಅಪ್ಪ ಬಾವಿಗಿಳಿಸುತ್ತಿದ್ದುದನ್ನು ಅವಳೇ ನೆನೆಸಿಕೊಂಡಳು. ಕಾಯಿ ಬಿಚ್ಚಿದ ದಿನ ಹೆದರಿದ್ದು ಅಪ್ಪನೇ ಅಂತೆ. ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಕಣ್ಣಿಗೆ ಹಿಟ್ಟು ಬಿತ್ತು ಎಂದಳು.

೨೧ ಜುಲೈ, ಭಾನುವಾರ
ಬಂದಳು. ತೋಟದಲ್ಲಿ ಮೋಹನ ಮೊದಲೇ ನಿಂತಿದ್ದ. ಜಗಳವಾದೀತೆಂದು ನಾನು ಇಬ್ಬರ ನಡುವೆ ಹೋಗಿ ನಿಂತೆ.
ಅವಳು ಕೇಳಿದ್ದು ಇಷ್ಟೇ: "ಕೆಂಪು ಎಳನೀರಿನ ಮರ ಎಲ್ಲಣ್ಣ?"
"ಗಾಳಿಗೆ ಬಿತ್ತು. ಅವತ್ತು ಅಪ್ಪ ಉಣ್ಣಲಿಲ್ಲ... ನೀನು ನೆಟ್ಟಿದ್ದು ಅಂತ."
ಆಡಿದ ಮೇಲೆ ಆ ಮಾತು ಅವನಿಗೇ ತಾಕಿತೇನೋ.
"ಅಪ್ಪ ಇಷ್ಟಪಟ್ಟು ಕೊಟ್ಟೈತೆ. ಇಟ್ಕೊ ಬುಡು" ಎಂದ.
ಜೀವಿತಾ ಅವನ ತೋಳು ಹಿಡಿದಳು. ಬೇಡವೆಂದು ಬರೆಸಿಕೊಳ್ಳಲು ಒಯ್ದಿದ್ದ ಕಾಗದ ನನ್ನ ಚೀಲದಲ್ಲೇ ಉಳಿಯಿತು.

೫ ಆಗಸ್ಟ್, ಸೋಮವಾರ, ಬೆಳಿಗ್ಗೆ ೯
ಇವತ್ತು ತಾಲ್ಲೂಕು ಕಚೇರಿ. ಖಾತೆ ಬದಲಾವಣೆಗೆ ಇಬ್ಬರ ಅರ್ಜಿ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮುಗಿಯದಿದ್ದರೇ ಚೆನ್ನಾಗಿತ್ತು — ಅವನ ಕಾಗದ ಹಿಡಿದು ಓಡಾಡಿದಷ್ಟು ದಿನ ಈರಣ್ಣ ಜೊತೆಗೇ ಇದ್ದ ಹಾಗಿತ್ತು.
ಗೇಟಿನ ಹತ್ತಿರ ಬೈಕ್ ಸದ್ದು. ಮೋಹನ. ಹಿಂದೆ ಜೀವಿತಾ, ಅಣ್ಣನ ಹೆಗಲು ಹಿಡಿದು ಏನೋ ಹೇಳಿ ನಗಿಸುತ್ತಿದ್ದಾಳೆ. ಲೇ ಈರಣ್ಣ, ನೋಡ್ಲಾ —