ಹತ್ತೂವರೆಯ ಸುತ್ತು

ಜನವರಿ 11, ಬೆಳಿಗ್ಗೆ 9.40
ಸಾಣಾಪುರ ಕೆರೆ. ಹನ್ನೆರಡನೆಯ ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸಿ ಬಿಟ್ಟಾಯಿತು. ಎಲ್ಲವೂ ಹಳದಿ ಸಿಪಿಲೆ. ಹದಿನಾರು ಗ್ರಾಂ, ಹದಿನೇಳು... ತಿಮ್ಮಣ್ಣ ಕಾಕಾ ಬಲೆಯಿಂದ ಬಿಡಿಸಿದರೆ ಒಂದು ಗರಿಯೂ ಉದುರುವುದಿಲ್ಲ. ಒಂದು ಕಾಲಕ್ಕೆ ಹಕ್ಕಿ ಹಿಡಿದು ಸಂತೆಯಲ್ಲಿ ಮಾರುತ್ತಿದ್ದವನು. ಆರು ವರ್ಷದಿಂದ ನಮ್ಮ ಹಕ್ಕಿ ಅಧ್ಯಯನದ ಕ್ಯಾಂಪಿನಲ್ಲಿ.

ಸಂಜೆ 6
ಬರೆಯಲೇಬೇಕು. ಹತ್ತೂವರೆಗೆ ಬಲೆ ನೋಡಿ ಬರುವ ಸುತ್ತು ನನ್ನದು. ಕಾಕಾ ಚಹಾ ತರಲು ಹೋಗಿದ್ದ. ಅಕ್ಕನ ಫೋನ್ ಬಂತು. ಮಾತಾಡುತ್ತ ನಿಂತೆ — ಒಂದು ತಾಸು. ದಂಡೆಯ ಬಲೆಗೆ ಬಿಸಿಲು ಬಿದ್ದಿತ್ತು. ಎರಡು ಸಿಪಿಲೆ ಸತ್ತು ತೂಗಾಡುತ್ತಿದ್ದವು.

ಕ್ಯಾಂಪ್ ಮುಖ್ಯಸ್ಥ ಪ್ರಭುರಾಜ ಸರ್ ಕೇಳಿದರು, "ಈ ಸುತ್ತು ಯಾರದಿತ್ತು?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನಂದರಿ. ಮರ್ತು ಕುಂತೆ."

"ನಾಳಿಂದ ಬರಬ್ಯಾಡ," ಎಂದರು ಸರ್.

ನಾನು ಸುಮ್ಮನಿದ್ದೆ.

ಜನವರಿ 12
ಕಾಕಾ ಇಲ್ಲದೆ ಬಲೆ ಕಟ್ಟಿದೆವು.

ಜನವರಿ 19
ಕಾಕಾನನ್ನು ಹುಡುಕಿಕೊಂಡು ಶ್ರೀರಾಮನಗರಕ್ಕೆ ಹೋದೆ. ಕಾಕಾ ಭತ್ತ ನಾಟಿಯ ಕೂಲಿಯಲ್ಲಿದ್ದ, ಮೊಣಕಾಲುದ್ದ ಕೆಸರಲ್ಲಿ. ನನ್ನನ್ನು ಕಂಡು ಬದುವಿಗೆ ಬಂದ.

"ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ ಕಾಕಾ?"

"ಉಂಗುರ ಹಾಕೋ ಲೈಸೆನ್ಸ್ ಇರೋದು ನಿಮಗೊಬ್ಬರಿಗೇ, ಅದು ಹೋದ್ರ ಕ್ಯಾಂಪ್ ಮುಚ್ಚತೈತ್ರಿ. ನಾ ಮೊದಲ ಹಿಡಿದು ಮಾರಾಂವ. ನನ್ನ ಹೆಸರಿಗೆ ಇನ್ನೆರಡು ಸಾವು ಹತ್ತಿದ್ರ ಯಾರಿಗೇನ್ರಿ?" ಕೈಯ ಕೆಸರು ಒರೆಸುತ್ತ ಕೇಳಿದ, "ಆ ಹಕ್ಕಿ ಎಲ್ಲಿ ಹುಗಿದ್ರಿ?"

ಹುಗಿದಿರಲಿಲ್ಲ. ಮ್ಯೂಸಿಯಂಗೆ ಕಳಿಸಲೆಂದು ಫ್ರಿಜ್‌ನಲ್ಲಿಟ್ಟಿದ್ದೆವು. ಹೇಳಿದೆ. ತಲೆಯಾಡಿಸಿ ಮತ್ತೆ ಕೆಸರಿಗಿಳಿದ.

ಜನವರಿ 20
ಸರ್‌ಗೆ ಎಲ್ಲ ಹೇಳಿದೆ.

"ಒಂಬತ್ತು ದಿನ ಹೆಂಗ ಸುಮ್ನಿದ್ರಿ, ಗೀತಾ?"

ಅಷ್ಟೇ ಕೇಳಿದರು.

ಒಂದು ವರ್ಷ ನಾನು ಹಕ್ಕಿ ಮುಟ್ಟುವಂತಿಲ್ಲ. ರಿಜಿಸ್ಟರ್ ಬರೆಯುವ ಕೆಲಸ ಮಾತ್ರ. ಉಂಗುರ ತೊಡಿಸಲು ಧಾರವಾಡದಿಂದ ಬೇರೆಯವರು ಬರುತ್ತಾರೆ.

ಜನವರಿ 27, ಬೆಳಿಗ್ಗೆ 7.15
ಸರ್ ತಾವೇ ಹೋಗಿ ಕಾಕಾನನ್ನು ಕರೆತಂದರು. ಬಂದವನು ಮೊದಲು ಬಲೆಯ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ನನ್ನ ಪಕ್ಕ ಕುಳಿತ.

"ಯಾಕ ಹೇಳಿದ್ರಿ?"

"ಊಟ ಸೇರವಲ್ದಾಗಿತ್ತು ಕಾಕಾ."

ಕೆರೆಯ ಕಡೆಗೇ ನೋಡುತ್ತಿದ್ದ.

"ಅವತ್ತ 'ಅಲ್ರಿ, ನಂದು' ಅಂತೀರಿ ಅಂದ್ಕೊಂಡಿದ್ದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಹೋದ.

ಈಗ ಬಲೆಗೆ ಬಿದ್ದ ಹಕ್ಕಿಯ ಚೀಲ ಹಿಡಿದು ಬರುತ್ತಿದ್ದಾನೆ. ಅವನಿಗೆ ಏನು ಹೇಳಲಿ? ರಿಜಿಸ್ಟರ್ ತೆರೆಯುತ್ತೇನೆ.