ಬೀಗಿತಿಯನ್ನು ಬಯ್ಯುವ ಕೆಲಸ

ದೊಡ್ಡಬಳ್ಳಾಪುರ
9 ಫೆಬ್ರವರಿ 2025

ನನ್ನ ಮುದ್ದು ಸಿಂಧು,

ಹೇಗಿದ್ದೀಯ? ಹೊಸಕೋಟೆಯ ಲ್ಯಾಬಿನಲ್ಲಿ ಊರವರ ರಕ್ತ ಹೀರುವ ಕೆಲಸ ಚೆನ್ನಾಗಿ ನಡೆದಿದೆ ಎಂದುಕೊಂಡಿದ್ದೇನೆ. ನಾವಿಬ್ಬರೂ ಕ್ಷೇಮ. ನೀನು ಹತ್ತು ದಿನದ ಹಿಂದೆ ಕೇಳಿದ್ದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಮಧ್ಯದಲ್ಲಿ ನಿನಗೆ ಇನ್ನೊಂದು ಕಾಲ್ ಬರುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ.

"ಅಮ್ಮಾ, ನನ್ ಮದ್ವೇಲಿ ಮಾತ್ರ ಹಾಡ್ಬೇಡ, ಪ್ಲೀಸ್. ಎಲ್ಲರ ಅಮ್ಮಂದಿರ ಥರ ಸುಮ್ನೆ ಇರು" ಅಂದೆಯಲ್ಲ. ಮಗಳ ಮದುವೆಯಲ್ಲಿ ಸುಮ್ಮನಿದ್ದ ಅಮ್ಮನನ್ನು ನಾನಂತೂ ಕಂಡಿಲ್ಲ. ಇರಲಿ. ಬೇಡ ಎನ್ನುವ ಮೊದಲು ನಾನು ಮಾಡುವ ಕೆಲಸ ಏನೆಂದು ನೀನು ಒಂದು ಸಲ ಕೇಳಬೇಕು.

ಗಾರ್ಮೆಂಟ್ಸ್‌ನಲ್ಲಿ ಹತ್ತೊಂಬತ್ತು ವರ್ಷ ಸೂಪರ್‌ವೈಸರ್ ಆಗಿ ಕಾಲರು, ಕಾಜಾ ಅಳೆದದ್ದು ಸಾಕೆನಿಸಿ ಬಿಟ್ಟೆ. ಆಮೇಲೆ ಆರು ತಿಂಗಳು ಮನೆಯಲ್ಲಿ ನಿಮ್ಮಪ್ಪನನ್ನೇ ಅಳೆಯುತ್ತಿದ್ದೆ. ಅವರೇ ತಡೆಯಲಾರದೆ ತೂಬಗೆರೆಯ ಅಮ್ಮಯಮ್ಮನವರ ಸೋಬಾನೆ ಗುಂಪಿಗೆ ಸೇರಿಸಿ ಬಂದರು. ಧಾರೆ ಮುಗಿದು ಊಟದ ಹೊತ್ತಿಗೆ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯ ಬೀಗಿತಿಯನ್ನು ಹಾಡಿನಲ್ಲೇ ಬಯ್ಯುತ್ತಾರಲ್ಲ, ಆ ಹಾಡುಗಳಿಗೆ ಹೊಸ ಸಾಲು ಕಟ್ಟುವುದು ನನ್ನ ಪಾಲಿಗೆ ಬಂತು. ಬಿ.ಎ.ಯಲ್ಲಿ ಕಲಿತ ಪ್ರಾಸ ಇಪ್ಪತ್ತೈದು ವರ್ಷದ ಮೇಲೆ ಅನ್ನಕ್ಕೆ ದಾರಿಯಾಯಿತು.

ಹಪ್ಪಳ ಸುಡೋಕೆ ಬಾರದ ಬೀಗಿತಿ
ಚಪ್ಪರದ ಕೆಳಗೆ ಎಷ್ಟೊಂದು ಬೀಗುತಿ!

ಮೊದಮೊದಲು ಎಡವಟ್ಟೂ ಆಯಿತು. ರಾಜಘಟ್ಟದ ಮದುವೆಯೊಂದಕ್ಕೆ ಗಂಡಿನ ತಾಯಿ ಸೊಣ್ಣಮ್ಮ ಫೋನಿನಲ್ಲೇ ಕರೆಸಿದ್ದರು, ಮುಖ ನೋಡಿರಲಿಲ್ಲ. ಈಗ ಬೀಗಿತಿಯರಿಬ್ಬರೂ ಫೋಟೋಗೆಂದು ಒಂದೇ ಬಣ್ಣದ ಸೀರೆ ಉಡುತ್ತಾರೆ. ಹೆಣ್ಣಿನ ತಾಯಿ ಎಂದುಕೊಂಡು ಕರೆಸಿದವರನ್ನೇ ಏಳು ನುಡಿ ಬೈದುಬಿಟ್ಟೆ! ಹೆಣ್ಣಿನ ಕಡೆಯವರು ಶಿಳ್ಳೆ ಹೊಡೆದಾಗಲೇ ಅನುಮಾನ ಬರಬೇಕಿತ್ತು.

"ಎಲೆ ಅಡಿಕೆ ಇಟ್ಟು ಕರ್ಸಿ ಉಗಿಸ್ಕೊಂಡಂಗಾಯ್ತಲ್ಲಮ್ಮೀ!" ಅಂದರು ಸೊಣ್ಣಮ್ಮ.

ನಾನು ಚಪ್ಪಲಿ ಹುಡುಕತೊಡಗಿದೆ. ಅಮ್ಮಯಮ್ಮ ಮಾತ್ರ ಎಲೆ ಜಗಿಯುತ್ತಲೇ, "ಅಕ್ಕಾ, ಇದು ಬರೀ ಉಪ್ಪಿನಕಾಯಿ. ಊಟ ಆ ಕಡೆಯವ್ರಿಗೆ ಮಡಗಿದೀವಿ" ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಒಂಬತ್ತು ನುಡಿ ಅಲ್ಲೇ ಕಟ್ಟಿದೆ. ಸೊಣ್ಣಮ್ಮ ಕಣ್ಣೊರೆಸಿಕೊಂಡು ನಕ್ಕರು. ಈಗ ಜನ "ನಮ್ಮನ್ನೂ ಒಂದೀಟು ಬಯ್ರಮ್ಮ" ಎಂದು ಕೇಳಿಯೇ ಕರೆಯುತ್ತಾರೆ.

ಅವತ್ತು ನನಗೆ ಒಂದು ವಿಷಯ ತಿಳಿಯಿತು. ನನ್ನೊಳಗೆ ಬೇಕಾದಷ್ಟು ಸಿಟ್ಟಿದೆ. ಪ್ರಾಸ ಹಾಕಿ ಬಿಟ್ಟರೆ ಅದರಿಂದ ಯಾರಿಗೂ ನೋವಾಗುವುದಿಲ್ಲ. ಇದು ಗೊತ್ತಾಗಲು ನಲವತ್ತಾರು ವರ್ಷ ಹಿಡಿಯಿತು. ಈಗ ಚೆನ್ನಾಗಿ ನಿದ್ದೆ ಬರುತ್ತದೆ.

ಮುಂದಿನ ಗುರಿ ಏನು ಎನ್ನುತ್ತೀಯಾ? ಅಮ್ಮಯಮ್ಮನವರ ಬಾಯಲ್ಲಿರುವುದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ, ಮೂರನೆಯದು ಮುಗಿಯುತ್ತಾ ಬಂತು. ಭಾನುವಾರ ಆರು ಹೆಂಗಸರಿಗೆ ಪಾಠ. ಐದು ವರ್ಷದೊಳಗೆ ತಾಲ್ಲೂಕಿನ ಪ್ರತಿ ಹೋಬಳಿಯಲ್ಲೂ ಚೆನ್ನಾಗಿ ಬಯ್ಯಬಲ್ಲ ನಾಲ್ಕು ಜನರಿರಬೇಕು. ಮೊದಲು "ಇದೂ ಒಂದ್ ಕೆಲ್ಸಾನಾ?" ಎಂದಿದ್ದ ನಿಮ್ಮಪ್ಪ ಈಗ ಸ್ಕೂಟರಿನಲ್ಲಿ ತಾವೇ ಮದುವೆಮನೆಗೆ ಕರೆದೊಯ್ದು ಕೊನೆಯ ಪಂಕ್ತಿಯವರೆಗೂ ಕಾಯುತ್ತಾರೆ. ಹಾಡಿಗೋ ಹೋಳಿಗೆಗೋ ನಾನು ಕೇಳಿಲ್ಲ.

ಇನ್ನು ನಿನಗೆ ಉತ್ತರ. ಮದುವೆ ನಿನ್ನದು. ನೀನು ಬೇಡವೆಂದರೆ ನಾನು ಹಾಡುವುದಿಲ್ಲ. ಸೀರೆ ಉಟ್ಟು, ಬಂದವರಿಗೆ ಪನ್ನೀರು ಚಿಮುಕಿಸುತ್ತಾ ನಿಂತಿರುತ್ತೇನೆ. ಮುಖ ಊದಿಸಿಕೊಂಡಿರುವುದಿಲ್ಲ, ಇದು ಮಾತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಾಲಿಟ್ಟ ಮನೆಯಲ್ಲಿ ನಗು ತುಂಬಿರಲಿ, ನಿನ್ನದೇ ಎಲ್ಲಕ್ಕಿಂತ ಜೋರಾಗಿ ಕೇಳಲಿ.

ನಿನ್ನ ಅಮ್ಮ,
ಪ್ರಮೋದಾ

ಮತ್ತೊಂದು ಮಾತು: ಮೊನ್ನೆ ನಿನ್ನ ಅತ್ತೆಯಾಗುವವರು, ಪಾಪಮ್ಮನವರು, ಫೋನ್ ಮಾಡಿದ್ದರು. "ಫ್ಯಾಕ್ಟ್ರೀಲಿ ಎಷ್ಟ್ ದಿನ ರಜಾ ಕೊಟ್ರು ಬೀಗ್ರೇ? ನೀವಿನ್ನೂ ಸೂಪರ್‌ವೈಸರ್ ಅಂತ ಸಿಂಧು ಹೇಳಿದ್ಲು" ಅಂದರು. ನಿನ್ನ ಮಾತು ಬೀಳಬಾರದೆಂದು "ನಾಲ್ಕು ದಿನ" ಅಂದೆ. ಹಾಡಬೇಡ ಅಂದಾಗ ಇಷ್ಟು ನೋವಾಗಿರಲಿಲ್ಲ ಕಣೇ. ಫೋನ್ ಇಡುವ ಮೊದಲು ಅವರು ಇನ್ನೊಂದು ಕೇಳಿದರು: "ನಿಮ್ ಕಡೆ ಸೋಬಾನೆ ಹಾಡೋರು ಯಾರಾದ್ರೂ ಇದಾರಾ? ಚೆನ್ನಾಗಿ ಬೈಸ್ಕೊಳ್ದೆ ಅದೆಂಥಾ ಮದ್ವೆ!" ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ವಿಚಾರಿಸುತ್ತಿದ್ದೇನೆ, ಮಗಳೇ. ಏನು ಹೇಳಲಿ?